ಸರ್ಕಾರದ ಸಾಲ ಅಂದ್ರೆ ಏನು? ಕೊರತೆ ಎಲ್ಲಿಂದ ಹುಟ್ಟುತ್ತೆ, ನಾವು ಕಟ್ಟೋ ಟ್ಯಾಕ್ಸಿಗೂ ಅದಕ್ಕೂ ಏನು ಸಂಬಂಧ?

ಅರಸೀಕೆರೆಲಿ ಇರೋ ನಮ್ಮ ಚಿಕ್ಕಮ್ಮ ಪೋಸ್ಟಾಫೀಸಲ್ಲಿ ಒಂದಿಷ್ಟು ದುಡ್ಡು ಇಟ್ಟಿದ್ದಾರೆ, ತಿಂಗಳು ತಿಂಗಳು ಬಡ್ಡಿ ಬರೋ ಸ್ಕೀಮು. ಬಜೆಟ್ ಆದಮೇಲೆ ಟಿವಿಲಿ ಏನೋ ನೋಡಿ ಫೋನ್ ಮಾಡಿದ್ರು. "ಏನೋ ಇದು, ರಾಜ್ಯದ ಸಾಲ ಏಳೂವರೆ ಲಕ್ಷ ಕೋಟಿ ದಾಟ್ತಂತೆ, ಈಗ ಹುಟ್ಟಿದ ಮಗು ತಲೆ ಮೇಲೂ ಒಂದು ಲಕ್ಷ ಸಾಲ ಇದೆ ಅಂತಾರೆ, ನಾನು ಇಟ್ಟಿರೋ ದುಡ್ಡಿಗೆ ಏನೂ ಆಗಲ್ವಾ?" ಅಂತ. ನಾನು ಏನೂ ಆಗಲ್ಲ ಬಿಡಿ ಚಿಕ್ಕಮ್ಮ ಅಂದೆ, ಅವರು ಯಾಕೆ ಆಗಲ್ಲ ಅಂತ ಕೇಳಿದ್ರು. ಅಲ್ಲಿಗೆ ನನಗೆ ಗೊತ್ತಾಯ್ತು, ಇದನ್ನ ಎರಡು ಮಾತಲ್ಲಿ ಹೇಳಕ್ಕಾಗಲ್ಲ ಅಂತ. ಅವರಿಗೆ ಅರ್ಧ ಗಂಟೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೀತಿದೀನಿ. ಎಕನಾಮಿಕ್ಸ್ ಓದಿರಬೇಕು ಅಂತೇನಿಲ್ಲ, ಮನೆ ಲೆಕ್ಕ ಬರೆದು ಗೊತ್ತಿದ್ರೆ ಸಾಕು.

ಉದಾಹರಣೆಗೆ 2025ರ ಮಾರ್ಚ್ 7ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಕರ್ನಾಟಕ ಬಜೆಟ್ ತಗೊಂಡಿದೀನಿ. ಬೇಕಾದ ಕಡೆ ಕೇಂದ್ರದ ಲೆಕ್ಕನೂ ಬರುತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಬಜೆಟ್ ದಿನ ಓದೋ ನಂಬರು ಎಲ್ಲಾ ಅಂದಾಜು. ವರ್ಷದ ಕೊನೆಗೆ ಅದನ್ನ ಪರಿಷ್ಕರಿಸ್ತಾರೆ, ಆಮೇಲೆ ಲೆಕ್ಕ ಮುಗಿದಮೇಲೆ ನಿಜವಾದ ಅಂಕಿ ಬರುತ್ತೆ. ಯಾರಾದ್ರೂ ಇಬ್ಬರು ಒಂದೇ ವರ್ಷದ ಬಗ್ಗೆ ಬೇರೆ ಬೇರೆ ನಂಬರ್ ಹೇಳಿ ಜಗಳ ಆಡ್ತಿದ್ರೆ ಸುಮಾರು ಸಲ ಕಾರಣ ಇದೇ.

ಮೊದಲು "ಕೋಟಿ" ಅನ್ನೋದನ್ನ ತೆಗೆದಿಡೋಣ

ಲಕ್ಷ ಕೋಟಿ ಅಂದ ತಕ್ಷಣ ತಲೆ ಓಡಲ್ಲ, ನನಗೂ ಓಡಲ್ಲ. ಅದಕ್ಕೆ ಒಂದು ಸುಲಭ ಉಪಾಯ ಇದೆ, ಎಲ್ಲಾ ನಂಬರಿಂದ "ಕೋಟಿ" ಅನ್ನೋ ಪದ ಅಳಿಸಿಬಿಡಿ. ಒಂದು ಕೋಟಿ ಅಂದ್ರೆ ಒಂದು ರೂಪಾಯಿ ಅಂದ್ಕೊಳ್ಳಿ. ಆಗ ಕರ್ನಾಟಕ ಸರ್ಕಾರ ಒಂದು ಮನೆ ತರ ಕಾಣುತ್ತೆ, ನೋಡಿ.

ಮನೆ ಯಜಮಾನರ ಕೈಗೆ ವರ್ಷಕ್ಕೆ ಬರೋ ಆದಾಯ 2,92,477 ರೂಪಾಯಿ. ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿ, ಸ್ಕೀಮು ಅಂತ ದಿನನಿತ್ಯದ ಖರ್ಚು 3,11,739. ರಸ್ತೆ, ನೀರಾವರಿ, ಕಟ್ಟಡ ಅಂತ ಬಾಳಿಕೆ ಬರೋ ಆಸ್ತಿ ಮಾಡೋಕೆ 71,336. ಹಳೇ ಸಾಲದ ಅಸಲು ತೀರಿಸೋಕೆ 26,474. ಈ ಮೂರೂ ಕೂಡಿದ್ರೆ 4,09,549, ಪೇಪರಲ್ಲಿ "4.09 ಲಕ್ಷ ಕೋಟಿ ಬಜೆಟ್" ಅಂತ ದಪ್ಪ ಅಕ್ಷರದಲ್ಲಿ ಬರೋದು ಇದೇ. ಬರೋದು ಎರಡು ಲಕ್ಷ ತೊಂಬತ್ತೆರಡು ಸಾವಿರ, ಹೋಗೋದು ನಾಲ್ಕು ಲಕ್ಷ ಒಂಬತ್ತು ಸಾವಿರ. ಹಾಗಾಗಿ ಆ ವರ್ಷ ಹೊಸದಾಗಿ 1,16,000 ಸಾಲ ತಗೋಬೇಕು ಅಂತ ಪ್ಲಾನ್. ವರ್ಷದ ಕೊನೆಗೆ ಮನೆ ಮೇಲಿರೋ ಒಟ್ಟು ಹೊಣೆ, ಅಂದ್ರೆ ಒಟ್ಟು ಸಾಲ, 7,64,655.

ಅಂದ್ರೆ ತಿಂಗಳಿಗೆ ಸುಮಾರು 24,400 ಆದಾಯ ಇರೋ ಮನೆ, ದಿನನಿತ್ಯದ ಖರ್ಚೇ ಹತ್ತತ್ರ 26,000. ತಿಂಗಳ ಕೊನೆಗೆ 1,600 ರೂಪಾಯಿ ಕೈಸಾಲ. ಮನೆ ರಿಪೇರಿ, ಬೋರ್‌ವೆಲ್, ಹೊಸ ಕೊಟ್ಟಿಗೆ ಇವಕ್ಕೆಲ್ಲ ಬೇರೆ ಸಾಲ.

ಕೊರತೆ ಬೇರೆ, ಸಾಲ ಬೇರೆ

ಈ ಎರಡನ್ನ ಒಂದೇ ಅಂತ ತಿಳ್ಕೊಳ್ಳೋದೇ ಮೊದಲ ಎಡವಟ್ಟು, ಕೆಲವು ಸಲ ಸುದ್ದಿ ಓದೋರೂ ಕಲಸಿಬಿಡ್ತಾರೆ. ಊರ ಕೆರೆ ನೆನೆಸ್ಕೊಳ್ಳಿ. ಈ ವರ್ಷ ಮಳೆಗೆ ಹಳ್ಳದಿಂದ ಎಷ್ಟು ನೀರು ಹರಿದು ಬಂತು ಅನ್ನೋದು ಒಂದು ಲೆಕ್ಕ, ಕೆರೆಲಿ ಒಟ್ಟು ಎಷ್ಟು ನೀರು ನಿಂತಿದೆ ಅನ್ನೋದು ಇನ್ನೊಂದು ಲೆಕ್ಕ. ಕೊರತೆ ಅಂದ್ರೆ ಈ ವರ್ಷದ ಹರಿವು, ಸಾಲ ಅಂದ್ರೆ ಇಷ್ಟು ವರ್ಷದಿಂದ ಬಂದು ನಿಂತಿರೋದು. "ಕೊರತೆ ಕಮ್ಮಿ ಆಗಿದೆ" ಅಂತ ಸರ್ಕಾರ ಹೇಳಿದ್ರೆ ಸಾಲ ಕಮ್ಮಿ ಆಗಿದೆ ಅಂತ ಅರ್ಥ ಅಲ್ಲ, ಹೋದ ವರ್ಷಕ್ಕಿಂತ ಹರಿವು ಸಣ್ಣದಾಗಿದೆ ಅಷ್ಟೇ, ಕೆರೆ ನೀರು ಏರ್ತಾನೇ ಇರುತ್ತೆ. ಒಟ್ಟು ಸಾಲ ನಿಜವಾಗ್ಲೂ ಇಳೀಬೇಕು ಅಂದ್ರೆ ಹೊಸದಾಗಿ ತಗೊಳ್ಳೋ ಸಾಲಕ್ಕಿಂತ ತೀರಿಸೋದು ಜಾಸ್ತಿ ಆಗ್ಬೇಕು. 1,16,000 ತಗೊಂಡು 26,474 ತೀರಿಸೋ ವರ್ಷದಲ್ಲಿ ಅದು ಆಗಲ್ಲ, ಹೆಚ್ಚುಕಮ್ಮಿ 90,000 ಹೊಸದಾಗಿ ಸೇರುತ್ತೆ.

ಇಡೀ ದೇಶದಲ್ಲಿ, ಪ್ರಪಂಚದಲ್ಲಿ ಮುಕ್ಕಾಲುವಾಸಿ ಸರ್ಕಾರಗಳ ಕತೆ ಇದೇ. ಹಳೇ ಬಾಂಡ್ (ಸರ್ಕಾರ ಬರೆದುಕೊಡೋ ಸಾಲಪತ್ರ) ಅವಧಿ ಮುಗಿದಾಗ ಹೊಸ ಬಾಂಡ್ ಮಾರಿ ಆ ದುಡ್ಡಲ್ಲಿ ಹಳೇದನ್ನ ತೀರಿಸ್ತಾರೆ. ಮನುಷ್ಯನಿಗೆ ರಿಟೈರ್ಮೆಂಟ್ ಇದೆ, ಬ್ಯಾಂಕಿನೋರು ಅರವತ್ತರೊಳಗೆ ಲೋನ್ ಮುಗಿಸಿ ಅಂತಾರೆ. ಸರ್ಕಾರಕ್ಕೆ ಆ ತರ ವಯಸ್ಸಿಲ್ಲ, ಅದಕ್ಕೇ ಹೀಗೆ ನಡೆಯುತ್ತೆ. ನಡೆಯೋದು ಬಡ್ಡಿ ಕಟ್ಟೋ ಶಕ್ತಿ ಇರೋವರೆಗೆ ಮಾತ್ರ, ಅದಕ್ಕೆ ಆಮೇಲೆ ಬರ್ತೀನಿ.

ಕೊರತೆಲೂ ಎರಡು ತರ ಇದೆ

ಬಜೆಟ್ ಸುದ್ದಿಲಿ ರಾಜಸ್ವ ಕೊರತೆ, ವಿತ್ತೀಯ ಕೊರತೆ ಅಂತ ಎರಡು ಪದ ಬರುತ್ತೆ. ಕೇಳೋಕೆ ಭಾರ, ಒಳಗೆ ಸುಲಭ.

ಆದಾಯಕ್ಕಿಂತ ದಿನನಿತ್ಯದ ಖರ್ಚು ಎಷ್ಟು ಜಾಸ್ತಿ ಅನ್ನೋದು ರಾಜಸ್ವ ಕೊರತೆ. ನಮ್ಮ ಮನೆ ಲೆಕ್ಕದಲ್ಲಿ 3,11,739ರಲ್ಲಿ 2,92,477 ಕಳೀರಿ, 19,262 ಬರುತ್ತೆ. ಇದು ದಿನಸಿ ಅಂಗಡಿ ಸಾಲ ಇದ್ದಂಗೆ. ತಂದ ಅಕ್ಕಿ ಬೇಳೆ ತಿಂದು ಖಾಲಿ ಆಗಿರುತ್ತೆ, ಸಾಲ ಮಾತ್ರ ಪುಸ್ತಕದಲ್ಲಿ ಉಳಿದಿರುತ್ತೆ.

ಇದಕ್ಕೆ ಆಸ್ತಿ ಮಾಡೋ ಖರ್ಚೂ ಸೇರಿಸಿದ್ರೆ ವಿತ್ತೀಯ ಕೊರತೆ. 19,262 ಪ್ಲಸ್ 71,336, ಅದರಲ್ಲಿ ಸಾಲ ಅಲ್ಲದ ಸಣ್ಣಪುಟ್ಟ ಬಂಡವಾಳ ಜಮೆ ಕಳೆದ್ರೆ 90,428. ಒಟ್ಟಾರೆ ಈ ವರ್ಷ ಬೇರೆಯವರ ದುಡ್ಡು ಎಷ್ಟು ಬೇಕು ಅಂತ ಹೇಳೋ ನಂಬರು ಇದೇ, ಟಿವಿಲಿ ಬರೀ "ಕೊರತೆ" ಅಂದ್ರೆ ಸಾಮಾನ್ಯವಾಗಿ ಇದನ್ನೇ ಹೇಳ್ತಿರ್ತಾರೆ.

ನನಗೆ ಕೇಳಿದ್ರೆ ದೊಡ್ಡ ನಂಬರಿಗಿಂತ ಮೊದಲು ನೋಡಬೇಕಾದ್ದು ಚಿಕ್ಕದನ್ನ. ಹತ್ತು ಸಾವಿರ ಸಾಲ ಮಾಡಿ ಹಸು ತಂದವನೂ ಸಾಲಗಾರನೇ, ಹತ್ತು ಸಾವಿರ ಸಾಲ ಮಾಡಿ ಹಬ್ಬ ಮಾಡಿದವನೂ ಸಾಲಗಾರನೇ, ಬಡ್ಡಿನೂ ಇಬ್ಬರಿಗೂ ಒಂದೇ, ಆದ್ರೆ ಬೆಳಿಗ್ಗೆ ಎದ್ರೆ ಒಬ್ಬನ ಮನೇಲಿ ಡೈರಿಗೆ ಹಾಕೋಕೆ ಹಾಲಿರುತ್ತೆ. ಸರ್ಕಾರ ಕಾಲುವೆಗೆ ಅಂತ ಮಾಡಿದ ಸಾಲದಿಂದ ಜಮೀನಿಗೆ ನೀರು ಬಂದು ಬೆಳೆ ಬೆಳೆದು ವ್ಯಾಪಾರ ಆಗಿ ಮುಂದೆ ಒಂದಿಷ್ಟು ಟ್ಯಾಕ್ಸ್ ವಾಪಸ್ ಬರುತ್ತೆ ಅನ್ನೋ ಲೆಕ್ಕ. ಸಂಬಳ ಕೊಡೋಕೆ ಮಾಡಿದ ಸಾಲಕ್ಕೆ ಆ ತರ ನೇರ ವಾಪಸಾತಿ ಇಲ್ಲ.

ಹಂಗಂತ ರಾಜಸ್ವ ಖರ್ಚೆಲ್ಲ ದಂಡ ಅಂತ ತಿಳೀಬೇಡಿ, ಇಲ್ಲಿ ಹುಷಾರಾಗಿರ್ಬೇಕು. ಸರ್ಕಾರಿ ಲೆಕ್ಕದಲ್ಲಿ ಶಾಲೆ ಕಟ್ಟಡ ಬಂಡವಾಳ ವೆಚ್ಚ, ಅದರೊಳಗೆ ಪಾಠ ಮಾಡೋ ಮೇಷ್ಟ್ರ ಸಂಬಳ ರಾಜಸ್ವ ವೆಚ್ಚ. ಮೇಷ್ಟ್ರಿಲ್ಲದ ಕಟ್ಟಡದಿಂದ ಏನು ಪ್ರಯೋಜನ? ಆಸ್ಪತ್ರೆ ನರ್ಸ್, ಅಂಗನವಾಡಿ ಮೊಟ್ಟೆ, ವೃದ್ಧಾಪ್ಯ ವೇತನ ಎಲ್ಲಾ ರಾಜಸ್ವದಲ್ಲೇ ಬರುತ್ತೆ. ಐದು ಗ್ಯಾರಂಟಿಗಳಿಗೆ ಅಂತ ಆ ಬಜೆಟಲ್ಲಿ ಇಟ್ಟ 51,034 ಕೋಟಿನೂ ಹೆಚ್ಚುಕಮ್ಮಿ ಪೂರ್ತಿ ಇದೇ ಕಡೆ. ಗೃಹಲಕ್ಷ್ಮಿ ಎರಡು ಸಾವಿರ ಬಂದ ಮನೇಲಿ ಅದು ದಿನಸಿಗೋ ಮಕ್ಕಳ ಫೀಸಿಗೋ ಖರ್ಚಾಗುತ್ತೆ, ಅಂಗಡಿಲಿ ಖರ್ಚಾದ್ರೆ ಅದರಲ್ಲಿ ಸ್ವಲ್ಪ ಜಿಎಸ್‌ಟಿ ಆಗಿ ಖಜಾನೆಗೆ ತಿರುಗಿ ಬರುತ್ತೆ, ಪೂರ್ತಿ ಬರಲ್ಲ. ಅದು ಬೇಕೋ ಬೇಡವೋ ಅನ್ನೋದು ಓಟು ಹಾಕೋರು ತೀರ್ಮಾನ ಮಾಡೋ ವಿಷಯ, ಲೆಕ್ಕದ ಪುಸ್ತಕ ಹೇಳೋದು ಇಷ್ಟೇ: ಆ ಖರ್ಚು ಯಾವ ಕಾಲಮ್ಮಲ್ಲಿ ಬೀಳುತ್ತೆ ಮತ್ತೆ ಅದಕ್ಕೆ ದುಡ್ಡು ಟ್ಯಾಕ್ಸಿಂದ ಬಂತಾ ಸಾಲದಿಂದ ಬಂತಾ ಅಂತ.

ಇಲ್ಲಿ ಕರ್ನಾಟಕದ್ದು ಒಂದು ವಿಶೇಷ ಇದೆ. ಇಂತಿಷ್ಟಕ್ಕಿಂತ ಜಾಸ್ತಿ ಸಾಲ ಮಾಡಲ್ಲ ಅಂತ ತನಗೆ ತಾನೇ ಕಾನೂನು ಮಾಡ್ಕೊಂಡ ದೇಶದ ಮೊದಲ ರಾಜ್ಯ ನಮ್ದು, 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಕೇಂದ್ರ ಅಂತದ್ದೇ ಕಾಯ್ದೆ ತಂದಿದ್ದು 2003ರಲ್ಲಿ. ನಮ್ಮ ಕಾಯ್ದೆ ಪ್ರಕಾರ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರ್ಬೇಕು, ಒಟ್ಟು ಹೊಣೆ ಶೇ 25ರೊಳಗೆ ಇರ್ಬೇಕು, ರಾಜಸ್ವ ಕೊರತೆ ಇರಲೇಬಾರದು. 2025-26ರ ಅಂದಾಜಲ್ಲಿ ಮೊದಲನೇದು ಶೇ 2.95, ಎರಡನೇದು ಶೇ 24.91. ಎರಡೂ ಗೆರೆ ಒಳಗೇ ಇದೆ, ಗೆರೆಗೆ ತಾಗ್ಕೊಂಡು ಇದೆ. ಮೂರನೇದು ಮಾತ್ರ ತಪ್ಪಿದೆ. ಸುಮಾರು ಒಂದೂವರೆ ದಶಕ ರಾಜಸ್ವದಲ್ಲಿ ಉಳಿಕೆ ತೋರಿಸ್ತಿದ್ದ ರಾಜ್ಯ ಕೋವಿಡ್ ವರ್ಷದಲ್ಲಿ ಕೊರತೆಗೆ ಬಿತ್ತು, 2025-26ರ ಅಂದಾಜಲ್ಲೂ ಆ 19,262 ಕಾಣ್ತಿದೆ.

"ರಾಜ್ಯದ ಉತ್ಪನ್ನದ ಶೇಕಡಾ ಇಷ್ಟು" ಅಂತ ಯಾಕೆ ಹೇಳ್ತಾರೆ?

ಇದನ್ನ ಚಿಕ್ಕಮ್ಮಂಗೆ ಹೇಳೋಕೆ ನಾನು ಅವರ ತವರು ಮನೆದೇ ಉದಾಹರಣೆ ಕೊಟ್ಟೆ, ಕೂಡು ಕುಟುಂಬ ಅದು. ಅಣ್ಣ ತಮ್ಮಂದಿರು, ಸೊಸೆಯಂದಿರು ಎಲ್ಲಾ ದುಡೀತಿದ್ರು, ಒಬ್ಬೊಬ್ಬರೂ ದುಡಿದಿದ್ದರಲ್ಲಿ ಒಂದು ಭಾಗ ಮಾತ್ರ ಯಜಮಾನರ ಕೈಗೆ ಕೊಡ್ತಿದ್ರು, ಆ ದುಡ್ಡಲ್ಲಿ ಮನೆ ನಡೀತಿತ್ತು. ಸರ್ಕಾರ ಆ ಯಜಮಾನರಿದ್ದಂಗೆ. ಮನೆಮಂದಿ ಎಲ್ಲಾ ಸೇರಿ ದುಡಿಯೋದು ರಾಜ್ಯದ ಆಂತರಿಕ ಉತ್ಪನ್ನ, ಜಿಎಸ್‌ಡಿಪಿ ಅಂತಾರಲ್ಲ ಅದು. ಬಜೆಟ್ಟಿನ ಶೇಕಡಾ ಲೆಕ್ಕ ತಿರುಗಿಸಿ ನೋಡಿದ್ರೆ ಕರ್ನಾಟಕದ್ದು ಮೂವತ್ತು ಮುಕ್ಕಾಲು ಲಕ್ಷ ಕೋಟಿ ಆಸುಪಾಸು. ಅದರಲ್ಲಿ ರಾಜ್ಯ ಸರ್ಕಾರ ತಾನೇ ವಸೂಲಿ ಮಾಡೋ ಟ್ಯಾಕ್ಸು 2,08,100 ಕೋಟಿ, ಅಂದ್ರೆ ನೂರು ರೂಪಾಯಿ ದುಡಿಮೆಲಿ ಏಳು ರೂಪಾಯಿಗಿಂತ ಸ್ವಲ್ಪ ಕಮ್ಮಿ.

ಸಾಲ ಕೊಡೋನು ಯಜಮಾನರ ಜೇಬು ಮಾತ್ರ ನೋಡಲ್ಲ, ಮನೆಲಿ ಎಷ್ಟು ಜನ ದುಡೀತಾರೆ, ಬೇಕಾದ್ರೆ ಇನ್ನಷ್ಟು ಕೇಳಿ ತಗೋಬಹುದಾ ಅಂತನೂ ನೋಡ್ತಾನೆ. ಅದಕ್ಕೇ ಸಾಲವನ್ನ ಇಡೀ ದುಡಿಮೆ ಜೊತೆ ಹೋಲಿಸೋದು. ಆ ಲೆಕ್ಕದಲ್ಲಿ ನಮ್ಮ ಸಾಲ ಕಾಲು ಭಾಗ. ಪಂಜಾಬಿನದ್ದು ಶೇ 40 ದಾಟಿದೆ. ಆದ್ರೆ ಬರೀ ಈ ಶೇಕಡಾ ನೋಡಿ ನಿರಾಳ ಆಗೋದೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಬಡ್ಡಿ ಕಟ್ಟೋದು ಮನೆಮಂದಿ ಜೇಬಿಂದ ಅಲ್ಲ, ಯಜಮಾನರ ಜೇಬಿಂದ. ಅವರ ವರ್ಷದ ಆದಾಯಕ್ಕೆ ಹೋಲಿಸಿದ್ರೆ ಅದೇ ಸಾಲ ಎರಡೂವರೆ ಪಟ್ಟಿಗೂ ಜಾಸ್ತಿ. ಎರಡೂ ನಿಜ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡ್ಬೇಕು.

ತಲೆಗೆ ಒಂದು ಲಕ್ಷ ಅಂತಾರಲ್ಲ, ಅದು 7.64 ಲಕ್ಷ ಕೋಟಿನ ಸುಮಾರು ಏಳು ಕೋಟಿ ಜನಕ್ಕೆ ಭಾಗ ಮಾಡಿದ್ದು, ಗುಣಾಕಾರ ಭಾಗಾಕಾರ ಸರಿಯಾಗೇ ಇದೆ. ಆದ್ರೆ ಯಾರೂ ಆ ಮಗು ಹತ್ರ ನೋಟಿಸ್ ತಗೊಂಡು ಬರಲ್ಲ, ಮತ್ತೆ ಆ ಮಗುಗೆ ಅದೇ ಸಾಲದಲ್ಲಿ ಕಟ್ಟಿದ ರಸ್ತೆ, ಆಸ್ಪತ್ರೆ, ಡ್ಯಾಮೂ ಸಿಗುತ್ತೆ, ಅದನ್ನ ಆ ಭಾಗಾಕಾರದಲ್ಲಿ ಲೆಕ್ಕ ಹಿಡಿದಿರಲ್ಲ.

ಟ್ಯಾಕ್ಸ್ ಜಾಸ್ತಿ ಮಾಡಿ ಕೊರತೆ ಮುಚ್ಚಬಾರದಾ?

ಮಾಡಬಹುದು, ಆದ್ರೆ ರಾಜ್ಯದ ಕೈಲಿರೋ ಹಿಡಿಕೆಗಳು ಬಹಳ ಕಮ್ಮಿ. 2017ರ ಜುಲೈಲಿ ಜಿಎಸ್‌ಟಿ ಬಂದಮೇಲೆ ಸೋಪು, ಬಟ್ಟೆ, ಟಿವಿ, ಹೋಟೆಲ್ ಊಟ ಇವುಗಳ ರೇಟನ್ನ ಒಂದು ರಾಜ್ಯ ತಾನೇ ಏರಿಸೋ ಇಳಿಸೋ ಹಾಗಿಲ್ಲ, ಕೇಂದ್ರ ಮತ್ತೆ ಎಲ್ಲಾ ರಾಜ್ಯ ಸೇರಿರೋ ಕೌನ್ಸಿಲ್ ತೀರ್ಮಾನ ಮಾಡುತ್ತೆ. ರಾಜ್ಯಕ್ಕೆ ಸ್ವಂತಕ್ಕೆ ಅಂತ ಉಳಿದಿರೋದು ಮುಖ್ಯವಾಗಿ ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮದ್ಯದ ಮೇಲಿನ ಅಬಕಾರಿ, ಆಸ್ತಿ ರಿಜಿಸ್ಟ್ರೇಷನ್ನು, ವಾಹನ ತೆರಿಗೆ. 2025-26ಕ್ಕೆ ಅಬಕಾರಿಯಿಂದಲೇ 40,000 ಕೋಟಿ, ರಿಜಿಸ್ಟ್ರೇಷನ್ನಿಂದ 28,000 ಕೋಟಿ, ವಾಹನದಿಂದ 15,000 ಕೋಟಿ ಅಂತ ಗುರಿ ಇಟ್ಟಿದ್ರು.

ಇದು ಗೊತ್ತಾದ್ರೆ 2023ರಿಂದ 2025ರವರೆಗೆ ಆದ ಏರಿಕೆಗಳೆಲ್ಲ ಯಾಕೆ ಅದೇ ಜಾಗದಲ್ಲಿ ಆದ್ವು ಅಂತ ಅರ್ಥ ಆಗುತ್ತೆ. 2023ರ ಅಕ್ಟೋಬರಲ್ಲಿ ಆಸ್ತಿಗಳ ಮಾರ್ಗಸೂಚಿ ದರ (ರಿಜಿಸ್ಟ್ರೇಷನ್ನಿಗೆ ಸರ್ಕಾರ ಹಾಕೋ ಕನಿಷ್ಠ ಬೆಲೆ) ಸರಾಸರಿ ಶೇ 30 ಏರಿಸಿದ್ರು. 2024ರ ಜೂನಲ್ಲಿ ಪೆಟ್ರೋಲ್ ಮೇಲಿನ ತೆರಿಗೆ ಶೇ 25.92ರಿಂದ 29.84ಕ್ಕೆ ಹೋಯ್ತು, ಪಂಪಲ್ಲಿ ಲೀಟರಿಗೆ 3 ರೂಪಾಯಿ ಜಾಸ್ತಿ ಆಯ್ತು. 2025ರ ಏಪ್ರಿಲಲ್ಲಿ ಡೀಸೆಲ್ ಮೇಲೆ ಮತ್ತೆ 2 ರೂಪಾಯಿ. ಅದೇ ವರ್ಷ ಆಗಸ್ಟ್ ಕೊನೆಗೆ ರಿಜಿಸ್ಟ್ರೇಷನ್ ಫೀಸು ಶೇ 1 ಇದ್ದಿದ್ದು ಶೇ 2 ಆಯ್ತು. ಇರೋ ಹಿಡಿಕೆನೇ ನಾಲ್ಕು, ದುಡ್ಡು ಬೇಕಾದಾಗ ಅದನ್ನೇ ತಿರುಗಿಸ್ಬೇಕು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ. ನಂದಿನಿ ಹಾಲಿಗೆ 4 ರೂಪಾಯಿ ಏರಿದ್ದು, ಬಸ್ ಟಿಕೆಟ್ ಶೇ 15 ಏರಿದ್ದು, ಕರೆಂಟ್ ಬಿಲ್ಲಿಗೆ ಯೂನಿಟ್ಟಿಗೆ 36 ಪೈಸೆ ಸೇರಿದ್ದು, ಇವೆಲ್ಲ 2025ರಲ್ಲೇ ಆದ್ದರಿಂದ ಎಲ್ಲಾ ಒಂದೇ ಮೂಟೆ ಅನ್ಸುತ್ತೆ. ಆದ್ರೆ ಇವು ಟ್ಯಾಕ್ಸ್ ಅಲ್ಲ. ಹಾಲಿನ ದುಡ್ಡು ಹಾಲು ಒಕ್ಕೂಟಗಳ ಮೂಲಕ ಹಾಲು ಹಾಕೋರಿಗೆ, ಟಿಕೆಟ್ ದುಡ್ಡು ಸಾರಿಗೆ ನಿಗಮಕ್ಕೆ, ಕರೆಂಟಿನ 36 ಪೈಸೆ ವಿದ್ಯುತ್ ಕಂಪನಿ ನೌಕರರ ಪಿಂಚಣಿಗೆ. ನಮ್ಮ ಜೇಬಿಗೆ ಕತ್ತರಿ ಬಿದ್ದಿದ್ದು ನಿಜ, ಬಜೆಟ್ಟಿನ ತೆರಿಗೆ ಕಾಲಮ್ಮಿಗೆ ಅದು ಬಂದಿಲ್ಲ ಅನ್ನೋದೂ ನಿಜ.

ಇನ್ನು ಉಳಿದ ಆದಾಯ ಕೇಂದ್ರದಿಂದ. ಕೇಂದ್ರ ವಸೂಲಿ ಮಾಡೋ ತೆರಿಗೆಲಿ ಶೇ 41 ರಾಜ್ಯಗಳಿಗೆ ಹಂಚ್ಬೇಕು ಅಂತ 15ನೇ ಹಣಕಾಸು ಆಯೋಗ ಹೇಳಿತ್ತು, ಅದರಲ್ಲಿ ಯಾರಿಗೆಷ್ಟು ಅಂತಲೂ ಅದೇ ಹೇಳಿತ್ತು. ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದಿದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳೀತು. ನೂರಕ್ಕೆ ಒಂದು ಚಿಲ್ಲರೆ ರೂಪಾಯಿ ತಾನೇ ಅನ್ಸುತ್ತೆ, ಆದ್ರೆ ಬರಬೇಕಿದ್ದ ಪಾಲಲ್ಲಿ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಹೋದಂಗಾಯ್ತು. ಜೊತೆಗೆ ಕೇಂದ್ರ ಹಾಕೋ ಸೆಸ್ಸು, ಸರ್ಚಾರ್ಜು ಅನ್ನೋ ಹೆಚ್ಚುವರಿ ತೆರಿಗೆಗಳು ಈ ಹಂಚಿಕೆಗೆ ಬರೋದೇ ಇಲ್ಲ. ಖರ್ಚು ಒಂದೇ ಇದ್ದು ಆದಾಯದ ಈ ಬದಿ ಕುಸಿದ್ರೆ ಕೊರತೆ ತಾನಾಗೇ ಹಿಗ್ಗುತ್ತೆ, ಅದಕ್ಕೆ ಹೊಸ ಸ್ಕೀಮು ಏನೂ ಬೇಕಾಗಿಲ್ಲ.

ಟ್ಯಾಕ್ಸ್ ಇಳಿಸಿದ್ರೆ ಏನಾಗುತ್ತೆ

ಜನಕ್ಕೆ ಖುಷಿ ಆಗುತ್ತೆ, ಮತ್ತೆ ಅಷ್ಟು ದುಡ್ಡು ಖಜಾನೆಗೆ ಬರಲ್ಲ. 2025ರ ಕೇಂದ್ರ ಬಜೆಟಲ್ಲಿ ಹೊಸ ಪದ್ಧತಿಲಿ 12 ಲಕ್ಷದವರೆಗೆ ಆದಾಯ ಇರೋರಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂದಾಗ ಸುಮಾರು ಒಂದು ಲಕ್ಷ ಕೋಟಿ ಬಿಟ್ಟುಕೊಡ್ತಿದೀವಿ ಅಂತ ಸರ್ಕಾರನೇ ಹೇಳ್ತು. 2019ರ ಸೆಪ್ಟೆಂಬರಲ್ಲಿ ಕಂಪನಿಗಳ ತೆರಿಗೆನ ಶೇ 30ರಿಂದ 22ಕ್ಕೆ ಇಳಿಸಿದಾಗ ಬಿಟ್ಟಿದ್ದು 1.45 ಲಕ್ಷ ಕೋಟಿ ಅಂತ ಅಂದಾಜು. ಉಳಿದ ದುಡ್ಡನ್ನ ಜನ ಖರ್ಚು ಮಾಡ್ತಾರೆ, ಕಂಪನಿಗಳು ಫ್ಯಾಕ್ಟರಿ ಹಾಕ್ತಾರೆ, ವ್ಯಾಪಾರ ಬೆಳೆದು ಬೇರೆ ದಾರಿಲಿ ತೆರಿಗೆ ಬರುತ್ತೆ ಅನ್ನೋದು ಇಂತ ಕಡಿತದ ಹಿಂದಿನ ಲೆಕ್ಕಾಚಾರ. ಸ್ವಲ್ಪ ಬರುತ್ತೆ. ಎಷ್ಟು, ಯಾವಾಗ ಅನ್ನೋದು ಜನ ಖರ್ಚು ಮಾಡ್ತಾರಾ ಇಲ್ಲಾ ಎತ್ತಿಡ್ತಾರಾ ಅನ್ನೋದರ ಮೇಲೆ. ಬರೋವರೆಗಿನ ಗ್ಯಾಪ್ ತುಂಬೋದು ಸಾಲನೇ, ಇಲ್ಲಾ ಬೇರೆ ಖರ್ಚು ಕಡಿಮೆ ಮಾಡ್ಬೇಕು.

ಪಕ್ಕದ ಶ್ರೀಲಂಕಾದಲ್ಲಿ ಈ ಲೆಕ್ಕ ಹೇಗೆ ಕೈಕೊಡ್ತು ಅಂತ ನೋಡಿ. 2019ರ ಕೊನೆಲಿ ಹೊಸ ಸರ್ಕಾರ ವ್ಯಾಟ್‌ನ ಶೇ 15ರಿಂದ 8ಕ್ಕೆ ಇಳಿಸ್ತು, ಬೇರೆ ತೆರಿಗೆಗಳನ್ನೂ ಕಡಿತ ಮಾಡ್ತು. ಕೆಲವೇ ತಿಂಗಳಿಗೆ ಕೋವಿಡ್ ಬಂದು ಟೂರಿಸ್ಟ್ ನಿಂತುಹೋಯ್ತು, ಡಾಲರ್ ಬರೋದೂ ನಿಂತ್ತು, ಸಾಲದ ದೊಡ್ಡ ಭಾಗ ಡಾಲರಲ್ಲೇ ಇತ್ತು. 2022ರ ಏಪ್ರಿಲಲ್ಲಿ ವಿದೇಶಿ ಸಾಲ ಕಟ್ಟೋಕೆ ಆಗಲ್ಲ ಅಂತ ಕೈ ಎತ್ತಿದ್ರು. ಪೆಟ್ರೋಲಿಗೆ, ಗ್ಯಾಸಿಗೆ ಜನ ದಿನಗಟ್ಟಲೆ ಕ್ಯೂ ನಿಂತಿದ್ದನ್ನ ನಾವೆಲ್ಲ ಟಿವಿಲಿ ನೋಡಿದೀವಿ. ತೆರಿಗೆ ಕಡಿತ ಒಂದೇ ಕಾರಣ ಅಲ್ಲ, ಆದ್ರೆ ಕಷ್ಟ ಬಂದಾಗ ಎದುರಿಸೋಕೆ ಇರ್ಬೇಕಿದ್ದ ಆದಾಯನ ಅದು ಮೊದಲೇ ತಿಂದುಹಾಕಿತ್ತು.

ಈ ಸಾಲ ಕೊಡೋರು ಯಾರು?

ಚಿಕ್ಕಮ್ಮಂಗೆ ತುಂಬಾ ಆಶ್ಚರ್ಯ ಆಗಿದ್ದು ಈ ಭಾಗದಲ್ಲಿ. ಅವರು ವರ್ಲ್ಡ್ ಬ್ಯಾಂಕು, ಅಮೆರಿಕ ಅಂತ ಅಂದ್ಕೊಂಡಿದ್ರು. ಅಲ್ಲಿಂದಲೂ ಸ್ವಲ್ಪ ಇದೆ, ಆದ್ರೆ ದೊಡ್ಡ ಭಾಗ ನಮ್ಮದೇ ದುಡ್ಡು.

ರಾಜ್ಯ ಸರ್ಕಾರ ಸಾಲ ತಗೊಳ್ಳೋಕೆ ಬಾಂಡ್ ಮಾರುತ್ತೆ. ರಿಸರ್ವ್ ಬ್ಯಾಂಕು ರಾಜ್ಯದ ಪರವಾಗಿ ಅದನ್ನ ಹರಾಜು ಹಾಕುತ್ತೆ, ಕಮ್ಮಿ ಬಡ್ಡಿಗೆ ಒಪ್ಪೋರಿಗೆ ಮೊದಲು ಸಿಗುತ್ತೆ. ತಗೊಳ್ಳೋರು ಬ್ಯಾಂಕುಗಳು, ಎಲ್‌ಐಸಿ ತರದ ಇನ್ಶೂರೆನ್ಸ್ ಕಂಪನಿಗಳು, ಪಿಎಫ್ ಸಂಸ್ಥೆ, ಪಿಂಚಣಿ ಫಂಡುಗಳು. ಬ್ಯಾಂಕಿಗೆ ಒಂದು ನಿಯಮನೇ ಇದೆ, ನಾವು ಇಟ್ಟ ಠೇವಣಿಲಿ ನೂರಕ್ಕೆ 18 ರೂಪಾಯಿ ಹೆಚ್ಚಾಗಿ ಸರ್ಕಾರಿ ಬಾಂಡುಗಳಲ್ಲೇ ಇಟ್ಟಿರ್ಬೇಕು. ಸಂಬಳದಲ್ಲಿ ಕಟ್ ಆಗೋ ಪಿಎಫ್‌ನ ದೊಡ್ಡ ಪಾಲು ಹೋಗೋದೂ ಅಲ್ಲಿಗೇ. ಚಿಕ್ಕಮ್ಮನ ಪೋಸ್ಟಾಫೀಸ್ ದುಡ್ಡು, ಹೆಣ್ಣುಮಕ್ಕಳ ಹೆಸರಲ್ಲಿ ಕಟ್ಟೋ ಸುಕನ್ಯಾ ಸಮೃದ್ಧಿ, ಪಿಪಿಎಫ್, ಇವೆಲ್ಲ ಸಣ್ಣ ಉಳಿತಾಯ ನಿಧಿಗೆ ಹೋಗಿ ಅಲ್ಲಿಂದ ಬಹುಪಾಲು ಕೇಂದ್ರ ಸರ್ಕಾರಕ್ಕೆ ಸಾಲವಾಗಿ ಹೋಗುತ್ತೆ.

ಅಂದ್ರೆ ಕೂಡು ಕುಟುಂಬದ ಯಜಮಾನರು ಮನೆಯೋರ ಹತ್ರನೇ ಸಾಲ ತಗೊಂಡಂಗೆ. ಕೇಂದ್ರದ ಸಾಲದಲ್ಲೂ ವಿದೇಶದ್ದು ಶೇ 5ರ ಆಸುಪಾಸು, ಉಳಿದದ್ದು ದೇಶದೊಳಗಿನದ್ದು, ರೂಪಾಯಿಲೇ. ಶ್ರೀಲಂಕಾಕ್ಕೂ ನಮಗೂ ಇರೋ ದೊಡ್ಡ ವ್ಯತ್ಯಾಸ ಇದೇ. 1991ರಲ್ಲಿ ನಾವೂ ಆ ಅಂಚಿಗೆ ಹೋಗಿದ್ವಿ, ಆಗ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ (ಇಡೀ ದೇಶದ ದುಡಿಮೆಯ) ಶೇ 8ರ ಹತ್ರ ಇತ್ತು, ಆಮದಿಗೆ ಕೊಡೋಕೆ ಡಾಲರ್ ಇಲ್ದೆ ಆ ಜುಲೈಲಿ ರಿಸರ್ವ್ ಬ್ಯಾಂಕಿನ 47 ಟನ್‌ನಷ್ಟು ಚಿನ್ನ ಹೊರಗೆ ಅಡ ಇಟ್ವಿ.

ಮನೆಯೋರಿಂದಲೇ ತಗೊಂಡ್ರೆ ತೊಂದರೆ ಇಲ್ವಾ ಅಂದ್ರೆ, ಇದೆ. ಬ್ಯಾಂಕಲ್ಲಿರೋ ದುಡ್ಡನ್ನ ಸರ್ಕಾರವೇ ಜಾಸ್ತಿ ಕೇಳಿದ್ರೆ ಫ್ಯಾಕ್ಟರಿ ಹಾಕೋನಿಗೆ, ಮನೆ ಕಟ್ಟೋನಿಗೆ ಉಳಿಯೋದು ಕಮ್ಮಿ ಆಗುತ್ತೆ, ಲೋನ್ ಬಡ್ಡಿ ಮೇಲೆ ಒತ್ತಡ ಬೀಳುತ್ತೆ.

ನೋಟು ಪ್ರಿಂಟ್ ಮಾಡಿಬಿಟ್ರೆ ಮುಗೀತಲ್ವಾ?

ರಾಜ್ಯಗಳಿಗೆ ಆ ಅಧಿಕಾರನೇ ಇಲ್ಲ. ಕೇಂದ್ರ ಹಿಂದೆ ಹೆಚ್ಚುಕಮ್ಮಿ ಅದನ್ನೇ ಮಾಡ್ತಿತ್ತು, ದುಡ್ಡು ಸಾಲದೇ ಇದ್ದಾಗ ರಿಸರ್ವ್ ಬ್ಯಾಂಕಿಗೆ ಒಂದು ಚೀಟಿ ಬರೆದುಕೊಟ್ಟು ದುಡ್ಡು ತಗೊಳ್ತಿತ್ತು. 1997ರಲ್ಲಿ ಆ ಪದ್ಧತಿ ನಿಂತ್ತು, 2006ರ ಏಪ್ರಿಲಿಂದ ರಿಸರ್ವ್ ಬ್ಯಾಂಕು ಸರ್ಕಾರದ ಬಾಂಡನ್ನ ನೇರವಾಗಿ ಕೊಳ್ಳೋ ಹಾಗೂ ಇಲ್ಲ ಅಂತ ಕಾಯ್ದೆ ಬಂತು, ತೀರಾ ತುರ್ತು ಸಂದರ್ಭ ಬಿಟ್ಟು. ಯಾಕಂದ್ರೆ ಸಂತೆಗೆ ಬಂದ ಟೊಮೇಟೊ ಅಷ್ಟೇ ಇದ್ದು ಎಲ್ಲರ ಕೈಲೂ ಡಬಲ್ ದುಡ್ಡು ಇದ್ರೆ ರೇಟು ಏರುತ್ತೆ ಹೊರತು ಯಾರ ಚೀಲಕ್ಕೂ ಜಾಸ್ತಿ ಟೊಮೇಟೊ ಬೀಳಲ್ಲ. ಅದರಲ್ಲೂ ಉಳಿತಾಯದ ಬಡ್ಡಿಲಿ ಬದುಕೋ ಚಿಕ್ಕಮ್ಮನಂತೋರಿಗೆ ಮೊದಲು ಏಟು ಬೀಳುತ್ತೆ.

ಎಷ್ಟು ಸಾಲ ಆದ್ರೆ ಜಾಸ್ತಿ?

ಇದಕ್ಕೆ ಒಂದೇ ನಂಬರ್ ಇಲ್ಲ. ಜಪಾನಿನ ಸಾಲ ಅದರ ಜಿಡಿಪಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದೂ ಇಷ್ಟು ವರ್ಷ ನಡೀತಾ ಬಂದಿದೆ, ಅಲ್ಲಿ ಬಡ್ಡಿ ಬಹಳ ವರ್ಷ ಸೊನ್ನೆ ಹತ್ರ ಇತ್ತು, ಸಾಲ ಕೊಟ್ಟೋರೂ ಹೆಚ್ಚಾಗಿ ಜಪಾನಿನೋರೇ. ಅದಕ್ಕಿಂತ ಬಹಳ ಕಮ್ಮಿ ಸಾಲಕ್ಕೆ ಮುಗ್ಗರಿಸಿದ ದೇಶಗಳೂ ಇವೆ.

ಲೆಕ್ಕ ಹೇಗೆ ಕೆಲಸ ಮಾಡುತ್ತೆ ಅಂತ ಸಣ್ಣ ನಂಬರಲ್ಲಿ ನೋಡೋಣ. ಮನೆಮಂದಿ ಎಲ್ಲರ ದುಡಿಮೆ 100, ಸಾಲ 25. ಮುಂದಿನ ವರ್ಷ ದುಡಿಮೆ 110 ಆಯ್ತು, ಹೊಸದಾಗಿ ಎರಡೂವರೆ ರೂಪಾಯಿ ಸಾಲ ಮಾಡಿದ್ರು, ಒಟ್ಟು ಇಪ್ಪತ್ತೇಳೂವರೆ. ಸಾಲ ಏರಿದೆ, ಆದ್ರೆ 110ಕ್ಕೆ ಅದು ಇನ್ನೂ ಕಾಲು ಭಾಗವೇ, ಹೊರೆ ಹಾಗೇ ಇದೆ. ಅದೇ ದುಡಿಮೆ ಬರೀ 105ಕ್ಕೆ ನಿಂತ್ರೆ? ಅಷ್ಟೇ ಸಾಲ ಈಗ ಶೇ 26 ದಾಟ್ತು. ಯಾರೂ ಜಾಸ್ತಿ ಖರ್ಚು ಮಾಡಲಿಲ್ಲ, ಆದ್ರೂ ಹೊರೆ ಏರ್ತು. ಅದಕ್ಕೇ ಬೆಳವಣಿಗೆ ದರ ಅರ್ಧ ಪರ್ಸೆಂಟ್ ಇಳಿದ್ರೂ ಹಣಕಾಸು ಇಲಾಖೆಯೋರು ತಲೆ ಕೆಡಿಸ್ಕೊಳ್ಳೋದು. ಕೋವಿಡಲ್ಲಿ ಎರಡು ಕಡೆಯಿಂದಲೂ ಹೊಡೆತ ಬಿತ್ತು, ಅಂಗಡಿ ಮುಚ್ಚಿ ತೆರಿಗೆ ನಿಂತ್ತು, ಫ್ರೀ ರೇಷನ್ನು ಆಸ್ಪತ್ರೆ ಅಂತ ಖರ್ಚು ಏರ್ತು, 2020-21ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ 9.2ಕ್ಕೆ ಹೋಯ್ತು. ಅದನ್ನ ಇಳಿಸ್ತಾ ಬಂದು 2025-26ಕ್ಕೆ ಶೇ 4.4 ಅಂತ ಗುರಿ ಇಟ್ರು, ಐದು ವರ್ಷ ಹಿಡೀತು.

ಬಡ್ಡಿ ಕಾಲಮ್ಮು

ಇಷ್ಟೆಲ್ಲಾ ಬರೆದಿದ್ದು ಒಂದು ಸಾಲು ತೋರಿಸೋಕೆ. 2025-26ರ ಕೇಂದ್ರ ಬಜೆಟಲ್ಲಿ ಒಟ್ಟು ಖರ್ಚು 50.65 ಲಕ್ಷ ಕೋಟಿ, ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ. ರಸ್ತೆ ರೈಲು ಅಂತ ಬಂಡವಾಳಕ್ಕೆ ಇಟ್ಟಿದ್ದು 11.21 ಲಕ್ಷ ಕೋಟಿ, ಅಂದ್ರೆ ಬಡ್ಡಿಗಿಂತ ಕಮ್ಮಿ. ಆ ವರ್ಷದ ವಿತ್ತೀಯ ಕೊರತೆ 15.69 ಲಕ್ಷ ಕೋಟಿ. ಹಳೇ ಸಾಲದ ಬಡ್ಡಿ ಅನ್ನೋದೇ ಇಲ್ದಿದ್ರೆ ಕೊರತೆ ಮೂರು ಲಕ್ಷ ಕೋಟಿಗಿಂತ ಕಮ್ಮಿ ಇರ್ತಿತ್ತು, ಇದಕ್ಕೆ ಪ್ರಾಥಮಿಕ ಕೊರತೆ ಅಂತಾರೆ. ಈ ವರ್ಷ ಮಾಡ್ತಿರೋ ಸಾಲದ ಬಹುಭಾಗ ಹಿಂದಿನ ಸಾಲದ ಬಡ್ಡಿಯಷ್ಟೇ ಇದೆ ಅಂತ ಇದರರ್ಥ. ಕರ್ನಾಟಕದ್ದೂ ಬಡ್ಡಿ ವರ್ಷಕ್ಕೆ 40 ಸಾವಿರ ಕೋಟಿ ಮೇಲಿದೆ.

ಸಾಲ ಮಾಡೋದು ಸರಿಯೋ ತಪ್ಪೋ ಅಂತ ವಾದ ಮಾಡೋಕೆ ಮುಂಚೆ ಈ ಕಾಲಮ್ಮು ನೋಡಿ ಅಂತ ನಾನು ಯಾರಿಗಾದ್ರೂ ಹೇಳ್ತೀನಿ. ಬೇರೆ ಯಾವ ಖರ್ಚನ್ನಾದ್ರೂ ಸರ್ಕಾರ ಮುಂದಿನ ವರ್ಷಕ್ಕೆ ತಳ್ಳಬಹುದು. ಕಾಮಗಾರಿ ನಿಲ್ಲಿಸಬಹುದು, ನೇಮಕಾತಿ ಮುಂದೂಡಬಹುದು, ಕಂಟ್ರಾಕ್ಟರ್ ಬಿಲ್ ತಡ ಮಾಡಬಹುದು, ಬಡ್ಡಿನ ಒಂದು ದಿನ ತಡ ಮಾಡೋ ಹಾಗಿಲ್ಲ. ಹಾಗಾಗಿ ಬಡ್ಡಿ ಬೆಳೆದಷ್ಟೂ ಕತ್ತರಿ ಬೀಳೋದು ಉಳಿದ ಖರ್ಚಿಗೆ, ಶಾಲೆ ರೂಮು, ಕಾಲುವೆ ರಿಪೇರಿ, ಖಾಲಿ ಇರೋ ಡಾಕ್ಟರ್ ಹುದ್ದೆ ಇಂತವಕ್ಕೆ.

ಚಿಕ್ಕಮ್ಮ ಕೊನೆಗೆ ಕೇಳಿದ್ರು, ಹಂಗಾದ್ರೆ ಆ ಬಡ್ಡಿ ದುಡ್ಡೆಲ್ಲ ಯಾರಿಗೆ ಹೋಗುತ್ತೆ ಅಂತ. ನಿಮಗೇ ಅಂದೆ. ಅವರ ಎಂಐಎಸ್‌ಗೆ, ಅಂದ್ರೆ ಆ ಪೋಸ್ಟಾಫೀಸ್ ತಿಂಗಳ ಬಡ್ಡಿ ಸ್ಕೀಮಿಗೆ, ವರ್ಷಕ್ಕೆ ಶೇ 7.4, ಅದು ತಿಂಗಳು ತಿಂಗಳು ಅಕೌಂಟಿಗೆ ಬೀಳುತ್ತಲ್ಲ, ಆ 12.76 ಲಕ್ಷ ಕೋಟಿ ಬಡ್ಡಿ ಲೆಕ್ಕದ ಒಂದು ಹನಿ ಅದು. ಅವರ ದುಡ್ಡಿಗೆ ಏನೂ ಆಗಲ್ಲ ಅಂತ ನಾನು ಮೊದಲೇ ಹೇಳಿದ್ದು ಅದಕ್ಕೇ, ಆ ಬಡ್ಡಿ ಕಟ್ಟೋ ಹೊಣೆ ಕೇಂದ್ರ ಸರ್ಕಾರದ್ದು, ಉಳಿದ ಎಲ್ಲಾ ಖರ್ಚಿಗಿಂತ ಮೊದಲು ಅದು ಹೋಗುತ್ತೆ. ಬ್ಯಾಂಕಲ್ಲಿ ಎಫ್‌ಡಿ ಇರೋರಿಗೆ, ಪಿಎಫ್ ಇರೋರಿಗೆ, ಪಾಲಿಸಿ ಇರೋರಿಗೆ ಎಲ್ಲರಿಗೂ ಅದರಲ್ಲಿ ಒಂದಿಷ್ಟು ಸಿಗುತ್ತೆ. ಅದನ್ನ ಕಟ್ಟೋಕೆ ದುಡ್ಡು ಬರೋದು ತೆರಿಗೆಯಿಂದ, ಆ ತೆರಿಗೆಲಿ ಎಫ್‌ಡಿನೂ ಇಲ್ದೆ ಪಾಲಿಸಿನೂ ಇಲ್ದೆ ದಿನಗೂಲಿ ಮಾಡೋರು ಬೀಡಿ ಮೇಲೆ, ಮೊಬೈಲ್ ರೀಚಾರ್ಜ್ ಮೇಲೆ, ಬೈಕಿಗೆ ಹಾಕೋ ಪೆಟ್ರೋಲ್ ಮೇಲೆ ಕಟ್ಟಿದ್ದೂ ಸೇರಿರುತ್ತೆ.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ನಮ್ಮನೆ ಕೆಲಸಕ್ಕೆ ಬರೋ ಹುಡುಗಿಗೂ ಪೋಸ್ಟಾಫೀಸಲ್ಲಿ ಒಂದು ಆರ್‌ಡಿ ಮಾಡಿಸಿಕೊಡ್ತೀನಿ ತಡಿ, ತಿಂಗಳಿಗೆ ನೂರು ರೂಪಾಯಿ ಆದ್ರೂ ಆಗುತ್ತೆ ಅಲ್ವಾ?" ಅಂತ ಕೇಳಿದ್ರು. ಆಗುತ್ತೆ ಚಿಕ್ಕಮ್ಮ, ನೂರರಿಂದಲೇ ಶುರು ಅದು, ಆಧಾರ್ ಕಾರ್ಡು ಎರಡು ಫೋಟೋ ತಗೊಂಡು ಹೋಗಿ ಅಂದೆ.